ವಕೀಲರ ಕಚೇರಿಯ ಗಣಕಯಂತ್ರ
(ಶಾಲೆಯ ವಾರ್ಷಿಕೋತ್ಸವದಂದು ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇದೇ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು ಗಂಟೆ ಬಾರಿಸುವುದನ್ನೇ ಕಾಯುತ್ತಿದ್ದ ನಾನು, ಇಂದು ಈ ವೇದಿಕೆಯಲ್ಲಿ ನಿಂತು ತಮ್ಮನ್ನು ಕಾಯಿಸುವ ಸ್ಥಾನದಲ್ಲಿದ್ದೇನೆ. ನಾನು ವಕೀಲನಲ್ಲ, ಯಂತ್ರಶಾಸ್ತ್ರ ಓದಿದವನೂ ಅಲ್ಲ. ಕಾಸರಗೋಡಿನ ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಕಾಲಕ್ರಮದಲ್ಲಿ ಅಲ್ಲಿನ ಗಣಕಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು. ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು, ದೊಡ್ಡ ವಿಷಯವೇನೂ ಬೇಡ, ನೀವು ದಿನಾ ಮಾಡುವ ಕೆಲಸವನ್ನೇ ಮಕ್ಕಳಿಗೆ ಹೇಳಿರಿ ಎಂದು ಅಪ್ಪಣೆ ಕೊಟ್ಟುದರಿಂದ, ಅದನ್ನೇ ತಮ್ಮ ಮುಂದಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಆ ಕಚೇರಿಯ ಒಳಕೋಣೆಯಲ್ಲಿ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯಿತ್ತು. ಈಗಲೂ ಇದೆ. ನಮ್ಮ ವಕೀಲರ ತೀರ್ಥರೂಪರ ಕಾಲದ ಕಡತಗಳೆಲ್ಲ ಅದರಲ್ಲಿವೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲ್ಲೂಕಾಗಿದ್ದುದನ್ನು ಹಿರಿಯರು ಬಲ್ಲಿರಿ. ಆದುದರಿಂದ ಆ ಪೆಟ್ಟಿಗೆಯಲ್ಲಿರುವ ಮೂಲಗೇಣಿ ಚೀಟುಗಳು, ಪಾಲುಪಟ್ಟಿಗಳು, ಗೇಣಿ ರಶೀದಿಗಳು ಬಹುಮಟ್ಟಿಗೆ ಕನ್ನಡದಲ್ಲಿಯೇ ಇವೆ. ಕೆಲವಂತೂ ಮೋಡಿ ಅಕ್ಷರದಲ್ಲಿ. ದೊಡ್ಡ ಗುಮಾಸ್ತರು ಪತ್ತನಾಜೆಗೆ ಮೊದಲು, ಮಳೆ ಹಿಡಿಯುವುದರ ಒಳಗಾಗಿ, ಆ ಪೆಟ್ಟಿಗೆಯನ್ನು ತೆರೆದು ಕಾಗದಗಳನ್ನು ಬಿಸಿಲಿಗೆ ಹರಡಿ, ಒಂದೊಂದನ್ನೇ ಕೊಡವಿ, ನುಸಿಗುಳಿಗೆ ಹಾಕಿ ಮತ್ತೆ ಕಟ್ಟಿಡುತ್ತಿದ್ದರು. ಬೀಗದ ಕೈ ಅವರ ಉಡಿದಾರದಲ್ಲಿಯೇ ಇರುತ್ತಿತ್ತು. ಆ ಕೆಲಸಕ್ಕೆ ಯಾರೂ ಅವರನ್ನು ಹೊಗಳಿದ್ದನ್ನು ನಾನು ಕೇಳಿಲ್ಲ.

ಈಗ ಆ ಪೆಟ್ಟಿಗೆಯ ಕೆಲಸವನ್ನು ಗಣಕಯಂತ್ರ ಮಾಡುತ್ತಿದೆ. ಕೇರಳದ ನ್ಯಾಯಾಲಯಗಳಿಗೆ 2021ರಲ್ಲಿ ವಿದ್ಯುನ್ಮಾನ ಸಲ್ಲಿಕೆಯ ನಿಯಮಗಳು ಬಂದ ಮೇಲಂತೂ ಅರ್ಜಿ, ದಾಖಲೆ, ವಕಾಲತ್ತು ಎಲ್ಲವೂ ಕಚೇರಿಯ ಮೇಜಿನಿಂದಲೇ ತಂತಿಯ ಮೂಲಕ ಹೋಗುವಂತಾಯಿತು. ಹಾಗಾಗಿ ನಮ್ಮ ಯಂತ್ರದೊಳಗೆ ಏನೇನಿದೆಯೆಂದು ತಾವು ಯೋಚಿಸಿರಿ. ಗಂಡಹೆಂಡಿರ ಮನಸ್ತಾಪದ ಕಥೆಯಿದೆ. ಅಣ್ಣತಮ್ಮಂದಿರು ಪರಸ್ಪರ ಆಡಿಕೊಂಡ, ಆಡಬಾರದಿದ್ದ ಮಾತುಗಳಿವೆ. ಒಬ್ಬರ ಸಾಲ, ಇನ್ನೊಬ್ಬರ ಕಾಯಿಲೆ, ಮತ್ತೊಬ್ಬರ ಉಯಿಲು ಅಲ್ಲಿವೆ. ವಕೀಲರಿಗೆ ಕಕ್ಷಿದಾರನು ನಂಬಿ ಹೇಳಿದ ಮಾತನ್ನು ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬುದು ಕಾನೂನು. ಹಿಂದೆ 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿ ಇದೆ. ಅದೇ ಕಲಮು ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ಎಂದರೆ ಆ ಬಾಯಿಬೀಗ ನನ್ನ ಬಾಯಿಗೂ ಇದೆ. ನಾನು ನೋಡಿಕೊಳ್ಳುವ ಯಂತ್ರಕ್ಕೂ ಇರಬೇಕು.

ಗುಟ್ಟಿನಷ್ಟೇ ಮುಖ್ಯವಾದದ್ದು ದಿನಗಳ ಲೆಕ್ಕ. ಬ್ಯಾಂಕಿನಿಂದ ಹಿಂದಿರುಗಿದ ಚೆಕ್ಕಿನ ಬಗ್ಗೆ ಸುದ್ದಿ ಬಂದ 30 ದಿನಗಳೊಳಗೆ ನೋಟೀಸು ಕೊಡಬೇಕು. ಅದು ತಲಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು ಹೂಡಬೇಕು. ದಾವೆಯ ಸಮನ್ಸು ಕೈಸೇರಿದ ಪ್ರತಿವಾದಿ 30 ದಿನಗಳಲ್ಲಿ ಲಿಖಿತ ಹೇಳಿಕೆ ಕೊಡಬೇಕು. ನ್ಯಾಯಾಲಯವು ಕಾರಣವನ್ನು ಬರೆದಿಟ್ಟು 90 ದಿನಗಳವರೆಗೆ ವಿಸ್ತರಿಸಬಹುದು. ಅದನ್ನೂ ಮೀರಿದರೆ ನ್ಯಾಯಾಧೀಶರ ಕೃಪೆಯನ್ನೇ ನೆಚ್ಚಬೇಕಾದೀತು. ಸತ್ಯವು ತನ್ನ ಪಕ್ಷದಲ್ಲಿದ್ದರೂ ದಿನ ತಪ್ಪಿದವನು ಸೋಲುವುದುಂಟು.

ಇನ್ನು ನನ್ನ ತಪ್ಪಿನ ಕಥೆಯನ್ನು ಹೇಳಬೇಕಾಗಿದೆ. ಕಕ್ಷಿದಾರರ ಗುಟ್ಟನ್ನು ಹೇಳಬಾರದೆಂದು ಈಗಷ್ಟೇ ಹೇಳಿದವನು ನಾನೇ ಆದುದರಿಂದ, ಸಂಬಂಧಪಟ್ಟವರ ಒಪ್ಪಿಗೆಯನ್ನು ಕೇಳಿ ಪಡೆದೇ ಹೇಳುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ.

2018ರ ಮಳೆಗಾಲದ ಒಂದು ಶನಿವಾರ ಸಂಜೆ. ಕೊರಿಯರ್ ರಶೀದಿಯೆಂಬ ಹೆಸರಿನಿಂದ ಒಂದು ಮಿಂಚಂಚೆ ಬಂದಿತು. ನಮ್ಮ ಕಚೇರಿಗೆ ದಿನಕ್ಕೆ ಹತ್ತು ಕೊರಿಯರ್ ಬರುವುದರಿಂದ, ಕಿರಿಯ ಸಹಾಯಕರೊಬ್ಬರು ಅದರೊಡನಿದ್ದ ಕಡತವನ್ನು ತೆರೆದರು. ಏನೂ ಕಾಣಿಸಲಿಲ್ಲ. ದೀಪ ಆರಿಸಿ ಎಲ್ಲರೂ ಮನೆಗೆ ಹೋದೆವು, ಯಂತ್ರವನ್ನು ಆರಿಸಲಿಲ್ಲ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಒಂದು ಕಡತವೂ ತೆರೆಯದು. ಎಲ್ಲವುಗಳ ಹೆಸರಿನ ಬಾಲಕ್ಕೂ ಅರ್ಥವಿಲ್ಲದ ಅಕ್ಷರಗಳು ಅಂಟಿಕೊಂಡಿದ್ದವು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪತ್ರವಿತ್ತು: ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಟ್‌ಕಾಯಿನ್ ಎಂಬ ಅಂಕಿನಾಣ್ಯದಲ್ಲಿ ಹಣ ಕೊಟ್ಟರೆ ಕೀಲಿ ಕೊಡುತ್ತೇವೆ. ಇಂಥ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ಒತ್ತೆಹಣದ ತಂತ್ರಾಂಶವೆನ್ನಬಹುದು. ಅದು ಕಡತವನ್ನು ಕದ್ದೊಯ್ಯದೆ ಇದ್ದರೂ ಇದ್ದೀತು. ಇದ್ದ ಜಾಗದಲ್ಲಿಯೇ ಇಟ್ಟು, ಗಣಿತದ ಬೀಗ ಜಡಿದು ಹೋಗುತ್ತದೆ.

ವಕೀಲರು ನನ್ನನ್ನು ಕರೆದು, "ಪ್ರತಿ ತೆಗೆದಿಟ್ಟಿದ್ದೀರಲ್ಲ?" ಎಂದು ಕೇಳಿದರು. ತೆಗೆದಿಟ್ಟಿದ್ದೆ. ಪ್ರತಿ ರಾತ್ರಿ ತಾನಾಗಿಯೇ ಪ್ರತಿಯಾಗುವಂತೆ ಹೊರಗಿನ ಡಿಸ್ಕೊಂದನ್ನು ಯಂತ್ರಕ್ಕೆ ಜೋಡಿಸಿಟ್ಟಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಭವೂ ಇತ್ತು. ದಿನವೂ ಬಿಚ್ಚಿ ಜೋಡಿಸುವ ತೊಂದರೆ ಬೇಡವೆಂದು ಅದನ್ನು ಜೋಡಿಸಿಯೇ ಬಿಟ್ಟಿದ್ದೆ. ಜೋಡಿಸಿದ್ದ ಕಾರಣ ಬೀಗ ಅದಕ್ಕೂ ಬಿದ್ದಿತ್ತು. ಬೀಗದ ಕೈಯನ್ನು ಬಾಗಿಲಿನಲ್ಲಿಯೇ ನೇತುಹಾಕಿ ಜಾತ್ರೆಗೆ ಹೋದಂತಾಯಿತು. ತಪ್ಪು ಕಡತವನ್ನು ತೆರೆದ ಹುಡುಗನದೆಂದು ಹಲವರು ಹೇಳಿದರು. ಅದು ಸರಿಯಲ್ಲ. ನೂರು ಅಂಚೆಗಳಲ್ಲಿ ಒಂದನ್ನು ಯಾರಾದರೂ ಒಮ್ಮೆ ತೆರೆದೇ ತೆರೆಯುತ್ತಾರೆ; ತೆರೆದರೂ ಉಳಿಯುವಂತೆ ನೋಡಿಕೊಳ್ಳಬೇಕಾದವನು ನಾನು.

ಅಂದು ಕಚೇರಿಯನ್ನು ಉಳಿಸಿದ್ದು ದೊಡ್ಡ ಗುಮಾಸ್ತರ ಡೈರಿ. ಎಪ್ಪತ್ತು ದಾಟಿದ್ದ ಅವರು ಪ್ರತಿ ಮೊಕದ್ದಮೆಯ ಮುಂದಿನ ವಾಯಿದೆಯನ್ನು ಕೈಯಿಂದಲೇ ಬರೆಯುತ್ತಿದ್ದರು. ಯಂತ್ರವೇ ನೆನಪಿಸುವಾಗ ಇದೇಕೆಂದು ನಾನೊಮ್ಮೆ ಕೇಳಿದ್ದಕ್ಕೆ, "ಕರೆಂಟು ಹೋದರೂ ಇದನ್ನು ಓದಲಿಕ್ಕೆ ಆಗ್ತದೆ ಮಾರಾಯ" ಎಂದಿದ್ದರು. ಡೈರಿ ತೆರೆದಾಗ ಮರುದಿನವೇ ಒಂದು ದಾವೆಯಲ್ಲಿ ಲಿಖಿತ ಹೇಳಿಕೆ ಕೊಡಲು ಕೊನೆಯ ದಿನವೆಂದು ಕಂಡಿತು. ಸಿದ್ಧವಾಗಿದ್ದ ಕರಡು ಬೀಗದೊಳಗಿತ್ತು. ಕಕ್ಷಿದಾರರ ಮನೆಯಲ್ಲಿದ್ದ ವಾದಪತ್ರದ ಪ್ರತಿಯನ್ನು ತರಿಸಿ, ವಕೀಲರು ರಾತ್ರಿಯಿಡೀ ಹೇಳಿ ಬರೆಯಿಸಿದರು. ನೆರೆಯ ವಕೀಲರು ತಮ್ಮ ಯಂತ್ರವನ್ನು ಕೊಟ್ಟು ಉಪಕರಿಸಿದರು. ಹಣ ಕೊಡಲಿಲ್ಲ. ಕೊಟ್ಟರೆ ಕೀಲಿ ಬಂದೇ ಬರುವುದೆಂಬ ಭರವಸೆ ಯಾರಿಗಿದೆ? ಬಂದರೂ ಕಳ್ಳನ ಮುಂದಿನ ಮನೆಯ ಕನ್ನಕ್ಕೆ ನಾವು ಬಂಡವಾಳ ಹಾಕಿದಂತೆ.

ಬಹಳಷ್ಟು ಕಾಗದಗಳನ್ನು ನ್ಯಾಯಾಲಯದ ದಾಖಲೆಗಳಿಂದಲೂ ಕಕ್ಷಿದಾರರ ಕೈಯಿಂದಲೂ ಮತ್ತೆ ಕೂಡಿಸಿದೆವು. ಕೂಡಿಸಲಾಗದೆ ಹೋದದ್ದೂ ಇತ್ತು. ವೃದ್ಧೆಯೊಬ್ಬರು 2014ರಲ್ಲಿ ತಮ್ಮ ತಂದೆಯ ಕಾಲದ ಏಳು ಗೇಣಿ ರಶೀದಿಗಳನ್ನು ತಂದಿದ್ದರು. ಕೇರಳದಲ್ಲಿ ಒಡೆತನದ ಹಕ್ಕು 1970ರ ಜನವರಿ 1ರಿಂದ ಭೂಮಾಲಿಕರ ಕೈಯಿಂದ ಸರಕಾರಕ್ಕೆ ಸೇರಿ, ಉಳುವ ಗೇಣಿದಾರರು ಅದನ್ನು ಪಡೆಯುವಂತಾಯಿತಷ್ಟೆ. ಆದುದರಿಂದ ಅದಕ್ಕೆ ಹಿಂದಿನ ರಶೀದಿಯೆಂದರೆ ಆ ಮನೆಯ ಬೇರು. ನಾನು ಅವನ್ನು ಯಂತ್ರದಲ್ಲಿ ಚಿತ್ರವಾಗಿ ತೆಗೆದು ಮೂಲಪ್ರತಿಗಳನ್ನು ಅವರಿಗೆ ಹಿಂದಿರುಗಿಸಿದೆ. ಆ ಬಳಿಕ ಅವು ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹುತಿಯಾದುವು. ನಮ್ಮ ವಕೀಲರು ನನ್ನನ್ನು ಜತೆಗೆ ಕರೆದುಕೊಂಡು ಅವರ ಮನೆಗೆ ಹೋಗಿ, ನಡೆದುದನ್ನು ಮರೆಮಾಚದೆ ಹೇಳಿದರು. ಆಕೆ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ಮಿಶನಿಗೆ ಹಾಕಿ ಆಯಿತು, ಇನ್ನು ಹೆದರಿಕೆ ಇಲ್ಲಾಂತ ನೀನೇ ಹೇಳಿದ್ದಲ್ಲವಾ ಮಗಾ?" ಎಂದು ಕೇಳಿದರು. ಹೇಳಿದ್ದೆ. ಏಳರಲ್ಲಿ ಎರಡರ ನೆರಳಚ್ಚು ಪ್ರತಿಗಳು ಹಳೆಯ ಕಾಗದಗಳ ನಡುವೆ ಸಿಕ್ಕಿದವು. ವ್ಯವಹಾರ ಕೊನೆಗೆ ರಾಜಿಯಲ್ಲಿ ಮುಗಿಯಿತು. ಏಳೂ ರಶೀದಿಗಳಿದ್ದಿದ್ದರೆ ಆಕೆ ಅಷ್ಟಕ್ಕೇ ಒಪ್ಪಬೇಕಾಗುತ್ತಿತ್ತೇ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ನಮ್ಮಂಥ ಸಣ್ಣ ಊರಿನ ಕಚೇರಿಗಷ್ಟೇ ಇಂಥ ಗತಿಯೆಂದು ತಿಳಿಯಬೇಡಿ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಪಿಡುಗು ಉಕ್ರೇನ್ ದೇಶದಿಂದ ಹೊರಟು ಪ್ರಪಂಚವನ್ನು ಸುತ್ತಿದಾಗ, ಹಲವು ದೇಶಗಳಲ್ಲಿ ಸಾವಿರಾರು ವಕೀಲರುಳ್ಳ ಡಿಎಲ್‌ಎ ಪೈಪರ್ ಎಂಬ ಸಂಸ್ಥೆಯ ದೂರವಾಣಿ, ಅಂಚೆ ಎಲ್ಲವೂ ಸ್ತಬ್ಧವಾದುವು. ವಾಷಿಂಗ್ಟನ್ನಿನ ಅವರ ಕಚೇರಿಯಲ್ಲಿ ಯಾರೂ ಗಣಕಯಂತ್ರವನ್ನು ಚಾಲೂ ಮಾಡಬೇಡಿರೆಂಬ ಸೂಚನೆಯನ್ನು ಬಿಳಿಹಲಗೆಯ ಮೇಲೆ ಕೈಯಿಂದ ಬರೆದು ನಿಲ್ಲಿಸಬೇಕಾಯಿತು. ಆ ಚಿತ್ರವನ್ನು ಕಂಡಾಗಲೆಲ್ಲ ನನಗೆ ದೊಡ್ಡ ಗುಮಾಸ್ತರ ನೆನಪಾಗುತ್ತದೆ.

ಅದೇ ವರ್ಷದ ಮೇ 12ರಂದು ಹರಡಿದ ವಾನ್ನಾಕ್ರೈಯ ಕಥೆಯಲ್ಲಿ ನನ್ನ ಕೆಲಸಕ್ಕೆ ಹತ್ತಿರವಾದ ಪಾಠವೊಂದಿದೆ. 150ಕ್ಕೂ ಹೆಚ್ಚು ದೇಶಗಳಲ್ಲಿ ಅದು ಯಂತ್ರಗಳಿಗೆ ಬೀಗ ಜಡಿಯಿತು; ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಕಿಂಡಿ ವಿಂಡೋಸ್ ತಂತ್ರಾಂಶದ ಒಂದು ದೋಷ. ಆ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳ ಮೊದಲೇ, ಹೊರಡಿಸಿತ್ತು. ಹಾಕಿಕೊಂಡವರಿಗೆ ಆ ಕಿಂಡಿ ಮುಚ್ಚಿತ್ತು. 'ಆಮೇಲೆ ನೋಡೋಣ' ಎಂಬ ಗುಂಡಿಯನ್ನು ಒತ್ತಿದವರಿಗೆ ಅದು ತೆರೆದೇ ಇತ್ತು. ಮಾಡಿನ ಹಂಚು ಒಡೆದುದನ್ನು ಬೇಸಗೆಯಲ್ಲಿ ಸರಿಪಡಿಸದೆ ಆಟಿಯ ಮಳೆಯಲ್ಲಿ ಏಣಿ ಹುಡುಕಿದರೆ ಫಲವೇನು? ವಿಂಡೋಸ್ 10ಕ್ಕೆ ಉಚಿತವಾಗಿ ದೊರೆಯುತ್ತಿದ್ದ ಸಾಮಾನ್ಯ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ನಮ್ಮ ಕಚೇರಿಯ ಎರಡು ಹಳೆಯ ಯಂತ್ರಗಳನ್ನು ಆ ಕಾರಣಕ್ಕೆ ಜಾಲದಿಂದ ಬೇರ್ಪಡಿಸಿದೆವು. ಅವು ಈಗ ಟೈಪು ಮಾಡುವುದಕ್ಕೆ ಮಾತ್ರ.

ಈಗ ನಾವು ನಡೆಸುತ್ತಿರುವ ಕ್ರಮ ಬಹು ಸರಳವಾದದ್ದು, ಬೇಸರ ತರಿಸುವಂಥದ್ದು. ಪ್ರತಿಯೊಂದು ಕಡತವೂ ಮೂರು ಕಡೆ ಇರಬೇಕು. ಅವುಗಳಲ್ಲಿ ಒಂದು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಎರಡು ಡಿಸ್ಕುಗಳಿವೆ. ಶುಕ್ರವಾರ ಒಂದನ್ನು ಜೋಡಿಸಿ, ಪ್ರತಿ ಮುಗಿದೊಡನೆ ಬಿಚ್ಚಿ, ವಕೀಲರ ಮನೆಯ ಕಪಾಟಿಗೆ ಕಳುಹಿಸುತ್ತೇವೆ, ಮರುವಾರ ಇನ್ನೊಂದು. ದಾರಿಯಲ್ಲಿ ಕಳೆದರೂ ಯಾರೂ ಓದದಂತೆ ಅವಕ್ಕೆ ನಾವೇ ಗಣಿತದ ಬೀಗ ಹಾಕಿರುತ್ತೇವೆ. ಅದರ ಕೀಲಿಯನ್ನು ಮುದ್ರೆ ಹಾಕಿದ ಲಕೋಟೆಯಲ್ಲಿ ಬ್ಯಾಂಕಿನ ಲಾಕರಿನಲ್ಲಿಟ್ಟಿದೆ. ತಿಂಗಳ ಮೊದಲ ಶನಿವಾರ ಡೈರಿಯ ಯಾವುದೋ ಪುಟವನ್ನು ಕಣ್ಣುಮುಚ್ಚಿ ತೆರೆದು, ಅಲ್ಲಿ ಕಂಡ ಮೊಕದ್ದಮೆಯ ಕಡತವನ್ನು ಆ ಡಿಸ್ಕಿನಿಂದ ಹೊರತೆಗೆದು, ಅಚ್ಚು ಹಾಕಿ ಓದುತ್ತೇನೆ. ಓದಲು ಬಂದರೆ ಮಾತ್ರ ಅದು ಪ್ರತಿ. ಈ ಪರೀಕ್ಷೆಯಲ್ಲಿ ಎರಡು ಬಾರಿ ಡಿಸ್ಕು ಕೆಟ್ಟಿರುವುದು ಗೊತ್ತಾಯಿತು, ಹೊಸದನ್ನು ತಂದೆವು.

ನಮ್ಮ ಕರಾವಳಿಯಲ್ಲಿ ಕಳ್ಳನಿಗಿಂತ ಮೊದಲು ಬರುವವರು ಬೇರೆ ಇದ್ದಾರೆ. ತುಲಾ ತಿಂಗಳ ಮಧ್ಯಾಹ್ನದ ಸಿಡಿಲು ವಿದ್ಯುತ್ ತಂತಿಯಿಂದ ಮಾತ್ರ ಬರುವುದೆಂದು ಎಲ್ಲರ ನಂಬಿಕೆ. ಜಾಲದ ತಂತಿಯ ಮೂಲಕವೂ ಅದು ಒಳನುಗ್ಗಿ ಯಂತ್ರವನ್ನು ಸುಟ್ಟೀತು. ಆದುದರಿಂದ ಗುಡುಗು ಕೇಳುವ ಮೊದಲೇ ಎರಡನ್ನೂ ಕಳಚಬೇಕು. ಮಳೆಗಾಲದ ತೇವ, ಧೂಳು, ಯಂತ್ರದ ಬೆಚ್ಚನೆಯ ಹೊಟ್ಟೆಯಲ್ಲಿ ಗೂಡು ಮಾಡುವ ಇರುವೆಗಳು, ಇವೆಲ್ಲವನ್ನೂ ಕುಂಚ ಹಿಡಿದು ನೋಡಿಕೊಳ್ಳುವುದು ನನ್ನ ಕೆಲಸದ ಭಾಗವೇ.

ಇನ್ನೊಂದು ಸಂಗತಿ. ವಕೀಲರ ಸಹಿಗೆ ಬದಲಾಗಿ ಈಗ ಬೆರಳುದ್ದದ ಒಂದು ಸಾಧನವಿದೆ. ಯಂತ್ರಕ್ಕೆ ಜೋಡಿಸಿ ಗುಪ್ತಪದ ಕೊಟ್ಟರೆ ಅಂಕೀಯ ಸಹಿ ಬೀಳುತ್ತದೆ. ಅದರ ಕೀಲಿಯನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವುದು ಸಹಿದಾರನ ಕರ್ತವ್ಯವೆಂದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೆಯ ಕಲಮು ಹೇಳುತ್ತದೆ. ಕೆಲವು ಕಡೆ ಅದನ್ನು ಗುಮಾಸ್ತನ ಮೇಜಿನ ಖಾನೆಯಲ್ಲಿ, ಗುಪ್ತಪದ ಬರೆದ ಚೀಟಿಯ ಸಮೇತ ನೋಡಿದ್ದೇನೆ. ಖಾಲಿ ಕಾಗದಕ್ಕೆ ಸಹಿ ಹಾಕಿ ಬೀದಿಯಲ್ಲಿಟ್ಟಂತೆ ಅದು. ನಮ್ಮ ವಕೀಲರು ಅದನ್ನು ತಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ಅವರು ಊರಿನಲ್ಲಿಲ್ಲದ ದಿನ ನನಗೆ ಅದರಿಂದ ತೊಂದರೆಯೇ, ಆದರೂ ಕೇಳುವುದಿಲ್ಲ.

ತಾಯಿತಂದೆಯರಲ್ಲಿ ಒಂದು ವಿಜ್ಞಾಪನೆ. ತಾವು ಆಧಾರ ಪತ್ರವನ್ನೋ ಪಡಿತರ ಚೀಟಿಯನ್ನೋ ಅಚ್ಚು ಹಾಕಿಸಲು ಅಂಗಡಿಗೆ ಹೋಗಿ, ವಾಟ್ಸಾಪಿನಲ್ಲಿ ಕಳುಹಿಸಿ, ಪ್ರತಿ ತೆಗೆದುಕೊಂಡು ಬರುತ್ತೀರಿ. ಕಾಗದ ತಮ್ಮ ಕೈಗೆ ಬಂದರೂ ಚಿತ್ರ ಅಂಗಡಿಯ ಯಂತ್ರದಲ್ಲಿ ಉಳಿದಿರುತ್ತದೆ. ಅಳಿಸಿರಿ ಎಂದು ಕೇಳಿ, ಅಳಿಸುವವರೆಗೆ ನಿಂತುಕೊಳ್ಳಿರಿ. ಅಂಗಡಿಯವರು ಕೆಟ್ಟವರಲ್ಲ, ಅವರಿಗೆ ಪುರುಸೊತ್ತಿಲ್ಲ ಅಷ್ಟೆ. ಹಾಗೆಯೇ ಪೊಲೀಸರೆಂದೋ ನ್ಯಾಯಾಧೀಶರೆಂದೋ ದೂರವಾಣಿಯ ಪರದೆಯಲ್ಲಿ ಕಾಣಿಸಿಕೊಂಡು, ನಿಮ್ಮನ್ನು 'ಡಿಜಿಟಲ್ ಬಂಧನ'ದಲ್ಲಿ ಇರಿಸಿದ್ದೇವೆ, ಹಣ ಕಳುಹಿಸಿರಿ ಎನ್ನುವವರು ಹೆಚ್ಚಿದ್ದಾರೆ. ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಕೈಬಿಟ್ಟಿದ್ದರೆ ನಾಚಿಕೆಪಡದೆ ಒಡನೆಯೇ 1930ಕ್ಕೆ ಕರೆಮಾಡಿರಿ. ನಮ್ಮ ಕಚೇರಿಗೆ ಮೂರನೆಯ ದಿನ ಅಳುತ್ತ ಬಂದವರನ್ನು ನೋಡಿ ಹೇಳುತ್ತಿದ್ದೇನೆ.

ಕೊನೆಗೆ ಕನ್ನಡದ ವಿಷಯ. ನಮ್ಮ ಯಂತ್ರದಲ್ಲಿ ಹಿಂದೆ ಟೈಪು ಮಾಡಿದ ಕನ್ನಡ ಕಡತಗಳು ನೂರಾರಿವೆ. ಕನ್ನಡ ಅಕ್ಷರಗಳಿಗೆ ಯೂನಿಕೋಡ್ ಎಂಬ ಜಗದ್ವ್ಯಾಪಿ ಸಂಕೇತಕ್ರಮದಲ್ಲಿ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ನಾವೆಲ್ಲ ಬಹುಕಾಲ ಬೇರೆ ಬೇರೆ ಫಾಂಟುಗಳ ಹಳೆಯ ಸಂಕೇತಗಳಲ್ಲಿಯೇ ಬರೆಯುತ್ತಿದ್ದೆವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯಾವ ಕಳ್ಳನೂ ಬಾರದೆ, ಯಾವ ಸಿಡಿಲೂ ಬಡಿಯದೆ ಕಳೆದುಹೋಗುವ ಬಗೆ ಇದು. ಅವುಗಳನ್ನು ಒಂದೊಂದಾಗಿ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇನೆ. ಪರಿವರ್ತಿಸುವ ತಂತ್ರಾಂಶಗಳು ಒತ್ತಕ್ಷರಗಳಲ್ಲಿ ಆಗಾಗ ಎಡವುತ್ತವೆ. ಸರ್ವೆ ನಂಬರಿನ ಒಂದು ಅಂಕಿ, ಹೆಸರಿನ ಒಂದು ಒತ್ತು ತಪ್ಪಿದರೆ ಜಾಗವೇ ಬೇರೆಯವರದಾದೀತು. ಆದುದರಿಂದ ಹಳೆಯ ಅಚ್ಚುಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಕನ್ನಡ ಬಲ್ಲ ಒಬ್ಬರು ಸಾಲುಸಾಲಾಗಿ ತಾಳೆ ನೋಡಬೇಕು. ಕಬ್ಬಿಣದ ಪೆಟ್ಟಿಗೆಯೊಳಗಿನ ಮೋಡಿ ಅಕ್ಷರದ ಕಾಗದಗಳಿಗಂತೂ ಓದುವ ಕಣ್ಣುಗಳೇ ಕಡಿಮೆಯಾಗುತ್ತಿವೆ. ದೊಡ್ಡ ಗುಮಾಸ್ತರು ತೀರಿಕೊಂಡ ಮೇಲೆ ನಮ್ಮ ಬೀದಿಯ ವಕೀಲರ ಕಚೇರಿಗಳಲ್ಲಿ ಅದನ್ನು ಸರಾಗವಾಗಿ ಓದುವವರು ಇಬ್ಬರೇ ಉಳಿದಿದ್ದಾರೆ.

ರಜೆಯಲ್ಲಿ ಇಲ್ಲಿನ ಹುಡುಗ ಹುಡುಗಿಯರನ್ನು ಕರೆದು ಈ ಕೆಲಸಕ್ಕೆ ಕೂರಿಸೋಣವೆಂಬ ಆಸೆ ನನಗೆ ಬಂದಿತ್ತು. ಕಕ್ಷಿದಾರರ ಕಾಗದಗಳನ್ನು ಅನ್ಯರಿಗೆ ತೋರಿಸುವಂತಿಲ್ಲವೆಂದು ವಕೀಲರು ನೆನಪಿಸಿದರು. ನಾನೇ ತಮಗೆ ಹೇಳಿದ ನಿಯಮ ನನ್ನನ್ನೇ ತಡೆಯಿತು. ಆದರೆ ಅವರು ತಮ್ಮ ಅಜ್ಜನವರ ಅಡಕೆ ತೋಟದ ಲೆಕ್ಕದ ಪುಸ್ತಕಗಳನ್ನು, ಎಲ್ಲವೂ ಮೋಡಿ ಬರಹದವು, ಕಲಿಯುವವರಿಗಾಗಿ ಕೊಡಲು ಒಪ್ಪಿದ್ದಾರೆ. ಮುಖ್ಯೋಪಾಧ್ಯಾಯರು ಶನಿವಾರ ಮಧ್ಯಾಹ್ನ ಒಂದು ಕೋಣೆಯನ್ನು ಬಿಟ್ಟುಕೊಡುವುದಾಗಿ ಹೇಳಿದ್ದಾರೆ. ಎಂಟನೆಯ ತರಗತಿಯಿಂದ ಮೇಲ್ಪಟ್ಟವರು ಬರಬಹುದು. ಉಳಿದಿರುವ ಇಬ್ಬರಲ್ಲಿ ಒಬ್ಬರು ಕಲಿಸಲು ಬರುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಕೇಳಬೇಕು.